ಸುಟ್ಟ ಸಗಣಿ, ಸುಟ್ಟ ಹುಲ್ಲು

ಕಳೆದ ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಸಿಂಧನೂರು ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೊನೆಗಿದೆ. ಬಸ್ಸಿಳಿದ ಕೂಡಲೇ ಮೂಗಿಗೆ ಬಡಿದದ್ದು ಹೊಗೆ. ಭತ್ತ ಕೊಯ್ಯುವ ಮಷಿನ್ ಉದುರಿಸಿ ಹೋದ ಹುಲ್ಲಿಗೆ ಯಾರೋ ಬೆಂಕಿ ಇಟ್ಟಿದ್ದರು. ಯಾರಪ್ಪ ಈ ಪುಣ್ಯಾತ್ಮ ಅಂತ ಬೈಕೊಂಡು ಹತ್ತಿರ ಹೋದರೆ... ನಮ್ಮದೇ ಗದ್ದೆ :)

ತಮಾಷೆ ಏನಪ್ಪಾ ಅಂದ್ರೆ, ಅದಕ್ಕೆ ಮುಂಚಿನ ಎರಡು ತಿಂಗಳು ಆಫೀಸಿನಲ್ಲಿ ನಾನು ಮಾಡುತ್ತಿದ್ದ ಪ್ರಾಜೆಕ್ಟ್ 'ಸರ್ಕ್ಯುಲರ್ ಇಕಾನಮಿ'ಯದ್ದು. ಯಾವ ಪದಾರ್ಥವೂ ಕಸವಾಗಬಾರದು, ಒಂದರ ಉಳಿಕೆ ಇನ್ನೊಂದರ ಕಚ್ಚಾವಸ್ತು ಆಗಬೇಕು ಅನ್ನುವ ಲೆಕ್ಕಾಚಾರ. ಪರದೆಯ ಮೇಲೆ ದುಂಡಗೆ ಬಾಣದ ಗುರುತು ಹಾಕಿ ಹಾಕಿ ಕೈ ನೋವು ಬಂದಿತ್ತು. ಅದೇ ಉಮೇದಿನಲ್ಲಿ ಅಪ್ಪನಿಗೆ ಉಪದೇಶ ಶುರು ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಹುಲ್ಲು ತಿನ್ನಾಕ ದನ ಎಲ್ಲಿ ಅದಾವ ತಮ್ಮಾ? ಎತ್ತು ಯಾಕ ಮಾರಿದ್ವಿ ಅಂತ ನಿನಗ ಗೊತ್ತಿಲ್ಲೇನು?" ಅಂದರು. ಗೊತ್ತಿತ್ತು. ನನ್ನ ಇಂಜಿನಿಯರಿಂಗಿನ ಎರಡನೇ ವರ್ಷದ ಫೀಸಿಗೆ.

ಮುಂದೆ ಮಾತಾಡಲಿಲ್ಲ. ಮರುದಿನ ಗೆಳೆಯನ ಬೈಕು ಹತ್ತಿ ಮಸ್ಕಿ, ಲಿಂಗಸುಗೂರು ದಾಟಿ ಮುದಗಲ್ ಕಡೆಗೆ ಹೊರಟೆವು. ಬಹಳ ದಿನದಿಂದ ಪಿಕ್ಲಿಹಾಳ ನೋಡಬೇಕಿತ್ತು.

ಮಸ್ಕಿ ಅಂದರೆ ನಿಮಗೆಲ್ಲ ಅಶೋಕನ ಶಾಸನ ನೆನಪಾಗುತ್ತೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅದು ಬಿತ್ತು. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಆ ಬಂಡೆ. (ಇಂಜಿನಿಯರುಗಳು ಇತಿಹಾಸಕ್ಕೂ ಉಪಯೋಗಕ್ಕೆ ಬರ್ತಾರೆ, ನೆನಪಿರಲಿ!) ಆದರೆ ನಾನು ಹೇಳಹೊರಟಿರುವುದು ಅಶೋಕನಿಗಿಂತಲೂ ಸಾವಿರಾರು ವರ್ಷ ಹಳೆಯ ಸಗಣಿಯ ಕಥೆ.

ಪಿಕ್ಲಿಹಾಳದ ಬಂಡೆಗಳ ಮೇಲೆ ಡುಬ್ಬದ ಗೂಳಿಗಳಿವೆ. ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದವು. ಎಷ್ಟು ದನ, ಎಂಥಾ ಕೊಂಬು! ಇಲ್ಲಿ ಅಗೆತ ಮಾಡಿಸಿದವರು ಎಫ್. ಆರ್. ಆಲ್ಚಿನ್, ವರದಿ 1960ರಲ್ಲಿ ಬಂತು. ನವಶಿಲಾಯುಗದ ಈ ಜನ ಮುಖ್ಯವಾಗಿ ದನಗಾಹಿಗಳು. ಜೊತೆಗೆ ಈ ಸೀಮೆಯ ನವಶಿಲಾಯುಗದವರು ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು ಬೆಳೆದಿದ್ದು ಸುಟ್ಟ ಕಾಳುಗಳಿಂದ ಗೊತ್ತಾಗಿದೆ.

ಈ ಜನ ಬಿಟ್ಟುಹೋದ ದೊಡ್ಡ ಗುರುತು ಬೂದಿದಿಬ್ಬಗಳು. ರಾಯಚೂರು ಜಿಲ್ಲೆಯ ಗೌಡೂರು, ವಂದಲಿ, ಸುರಪುರ ಕಡೆಯ ಬೂದಿಹಾಳ, ಬಳ್ಳಾರಿ ಕಡೆಯ ಕುಡತಿನಿ, ಕುಪ್ಪಗಲ್ಲು... ಹೀಗೆ ಪಟ್ಟಿ ಉದ್ದ ಇದೆ. ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರ ನಡುವೆ. ಜನ ಇವನ್ನು ರಾಕ್ಷಸರ ಬೂದಿ ಅಂದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗ ಅಂತ ಇವತ್ತಿಗೂ ಹೇಳುತ್ತಾರೆ. ಬ್ರಿಟಿಷರಲ್ಲಿ ಕೆಲವರು ಜ್ವಾಲಾಮುಖಿ ಇರಬಹುದು ಅಂದರು. ಸಗಣಿ ಸುಟ್ಟ ಬೂದಿ ಅಂತ 19ನೇ ಶತಮಾನದಲ್ಲೇ ಊಹಿಸಿದವರು ರಾಬರ್ಟ್ ಬ್ರೂಸ್ ಫೂಟ್. 1960ರ ಹೊತ್ತಿಗೆ ಝೊಯ್ನರ್ ಅನ್ನುವ ವಿಜ್ಞಾನಿ ಬೂದಿಯಲ್ಲಿ ಹುಲ್ಲಿನ ಸಿಲಿಕಾ ಕಣಗಳನ್ನು ತೋರಿಸಿದಾಗ ಅನುಮಾನ ತೀರಿತು. ಆಗಿನ ಮೆಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಆಲ್ಚಿನ್ 1957ರಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಸುತ್ತ ಗೂಟ ನೆಟ್ಟ ದೊಡ್ಡಿ, ಒಳಗೆ ಸಗಣಿ, ಮತ್ತೆ ಮತ್ತೆ ಬೆಂಕಿ.

ಯಾಕೆ ಸುಟ್ಟರು? ಆಲ್ಚಿನ್ ಪ್ರಕಾರ ಅದು ವರ್ಷಾವರ್ಷದ ಒಂದು ಆಚರಣೆ. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವುದು, ಹೋಳಿ ಇವುಗಳ ಜೊತೆ ಅದನ್ನು ಅವರು ಜೋಡಿಸಿದರು. ಬೂದಿಹಾಳದಲ್ಲಿ 1989ರಿಂದ ಹಲವು ವರ್ಷ ಅಗೆತ ನಡೆಸಿದ ಕೆ. ಪದ್ದಯ್ಯನವರಿಗೆ ಕಂಡದ್ದು ಜನ ನೆಲೆನಿಂತಿದ್ದ ಊರು. ದೊಡ್ಡಿಯ ಸಗಣಿಯನ್ನು ಅಲ್ಲೇ ಪಕ್ಕದಲ್ಲಿ ಒಟ್ಟಿ ಸುಡುತ್ತಿದ್ದರು. ಅಂದರೆ ನಮ್ಮ ಭಾಷೆಯಲ್ಲಿ ತಿಪ್ಪೆ! ಈ ತಕರಾರು ಇನ್ನೂ ಮುಗಿದಿಲ್ಲ. ನನಗೆ ಹಿಡಿಸಿದ್ದು ತಿಪ್ಪೆಯ ವಾದ, ಆದರೆ ಅದು ನನ್ನ ಹಳ್ಳಿ ಬುದ್ಧಿಯೂ ಇರಬಹುದು.

ಆ ಬಂಡೆಯ ಮೇಲೆ ಕೂತಾಗ ನನಗೆ ಹೊಳೆದದ್ದು ಇಷ್ಟು. 'ನಮ್ಮ ಪೂರ್ವಿಕರು ಏನನ್ನೂ ಹಾಳು ಮಾಡುತ್ತಿರಲಿಲ್ಲ' ಅಂತ ಮೇಲ್‌ಗಳಲ್ಲಿ, ಭಾಷಣಗಳಲ್ಲಿ ಕೇಳ್ತೀವಲ್ಲ, ಅದು ಪೂರ್ತಿ ನಿಜವಲ್ಲ. ಈ ನಾಡಿನ ಮೊದಲ ಕೃಷಿಕರು ಗೊಬ್ಬರವಾಗಬಹುದಾಗಿದ್ದ ಸಗಣಿಯನ್ನು ಗುಡ್ಡೆಗಟ್ಟಲೆ ಸುಟ್ಟರು. ಅವರಿಗೆ ದನ ಹೆಚ್ಚು, ಹೊಲ ಕಡಿಮೆ. ಚಕ್ರ ತಾನಾಗಿ ತಿರುಗುವುದಿಲ್ಲ. ಕೊರತೆ ಬಂದಾಗ ಯಾರೋ ಮೈಮುರಿದು ತಿರುಗಿಸಬೇಕು. ಮುಂದೆ ಅದೇ ಆಯಿತು. ಹೊಲ ಹೆಚ್ಚಾದ ಮೇಲೆ ರೈತರು ಬಂಡಿ ಕಟ್ಟಿಕೊಂಡು ಹೋಗಿ ಆ ಬೂದಿಯನ್ನೇ ತಂದು ಹೊಲಕ್ಕೆ ಚೆಲ್ಲಿದರು. ಹಲವು ದಿಬ್ಬಗಳು ಹಾಗೆಯೇ ಕರಗಿದ್ದು. ಪುರಾತತ್ವದವರಿಗೆ ಹೊಟ್ಟೆ ಉರಿ. ಆದರೆ ಸಾವಿರಾರು ವರ್ಷ ತಡವಾಗಿಯಾದರೂ ಅದು ಮಣ್ಣಿಗೆ ಸೇರಿತಲ್ಲ!

ಕಾಲುವೆ ಬರುವ ಮುಂಚೆ ನಮ್ಮ ಎರೆಹೊಲಗಳಲ್ಲಿ ಜೋಳ, ಹತ್ತಿ. ಜೋಳದ ಕಣಿಕೆ ಎತ್ತಿಗೆ, ಸಗಣಿ ತಿಪ್ಪೆಗೆ, ತಿಪ್ಪೆ ಬೇಸಿಗೆಯಲ್ಲಿ ಹೊಲಕ್ಕೆ. ಜೊತೆಗೆ ಕುರುಬರು ಬಂದು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಹಿಕ್ಕೆ, ಗಂಜಲ ಎರಡೂ ನೇರ ಮಣ್ಣಿಗೆ. ಕೂಲಿ ಕಾಳಿನ ರೂಪದಲ್ಲಿ. ಹಾಗಂತ ಆ ಕಾಲ ಸ್ವರ್ಗವೇನಲ್ಲ. ಸೌದೆ ಇಲ್ಲದ ಬಯಲು ಸೀಮೆಯಲ್ಲಿ ಸಗಣಿಯ ಒಂದು ಪಾಲು ಕುಳ್ಳಾಗಿ ಒಲೆಗೆ ಹೋಗುತ್ತಿತ್ತು. ಬ್ರಿಟಿಷ್ ಸರ್ಕಾರ ಕರೆಸಿದ್ದ ಕೃಷಿ ರಸಾಯನಜ್ಞ ವೋಲ್ಕರ್ 1893ರ ವರದಿಯಲ್ಲಿ ಇದನ್ನೇ ಹೇಳಿದ: ರೈತ ಸಗಣಿ ಸುಡುವುದು ದಡ್ಡತನದಿಂದಲ್ಲ, ಉರುವಲು ಇಲ್ಲದ್ದಕ್ಕೆ, ಮೊದಲು ಸೌದೆ ಬೆಳೆಸಿ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಊರಿನ ಕಸ, ಮಲ ಸೇರಿಸಿ ಗುಂಡಿಯಲ್ಲಿ ಕೊಳೆಸುವ 'ಬೆಂಗಳೂರು ಪದ್ಧತಿ'ಯನ್ನು ರೂಪಿಸಿದರು. ನಮ್ಮ ಪ್ರಾಜೆಕ್ಟಿನ ಸ್ಲೈಡುಗಳಲ್ಲಿ ಡಚ್ಚರ ಉದಾಹರಣೆ ಇತ್ತು, ಇದು ಇರಲಿಲ್ಲ. ನಾನೂ ಆಗ ಓದಿರಲಿಲ್ಲ, ಇರಲಿ.

ಇನ್ನು ಕಾಲುವೆ. ತುಂಗಭದ್ರೆಗೆ ಅಣೆಕಟ್ಟು ಬೇಕು ಅಂತ 1860ರಲ್ಲೇ ಆರ್ಥರ್ ಕಾಟನ್ ಹೇಳಿದ್ದ. 1876-78ರ ಬರ ಈ ಸೀಮೆಯನ್ನು ಹಿಂಡಿದರೂ ಕೆಲಸ ಶುರುವಾದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಎಡದಂಡೆ ಕಾಲುವೆ 227 ಕಿಲೋಮೀಟರು. ಯೋಜನೆ ಮಾಡಿದವರ ಲೆಕ್ಕ ಹೆಚ್ಚಿನ ಭೂಮಿಗೆ ಅರೆ ನೀರಾವರಿ, ಅಂದರೆ ಜೋಳ, ಹತ್ತಿಗೆ ಸ್ವಲ್ಪ ಸ್ವಲ್ಪ ನೀರು. ಆದದ್ದು ಬೇರೆ. ಆಂಧ್ರದಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದು ತೋರಿಸಿದರು, ನಮ್ಮವರೂ ಕಲಿತರು. ಯಾರನ್ನೂ ಬೈಯುವಂತಿಲ್ಲ. ಆ ಭತ್ತವೇ ನಮ್ಮ ಮನೆಗೆ ಹೆಂಚು ಹಾಕಿಸಿದ್ದು.

ಆದರೆ ಕಾಲುವೆ ನೀರಿನ ಜೊತೆ ಒಂದಿಷ್ಟು ಉಪ್ಪೂ ಬರುತ್ತದೆ. ಎರೆಮಣ್ಣು ನೀರನ್ನು ಬಸಿಯಗೊಡುವುದಿಲ್ಲ. ವರ್ಷವಿಡೀ ನೀರು ನಿಂತರೆ ತಳದ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಉಳಿಯುತ್ತದೆ. ಸವಳು-ಜವಳು ಅಂದರೆ ಇದೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇಂಥ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಅನ್ನುವ ಲೆಕ್ಕ ಇದೆ. ನಮ್ಮ ಕೆಳಗಿನ ಎರಡು ಎಕರೆ ಅದರಲ್ಲಿ ಸೇರಿದೆ. ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತೆ. ಮಜಾ ನೋಡಿ, ಮೇಲಿನ ಸೀಮೆಯ ಫಲವತ್ತಾದ ಮಣ್ಣು ಕೊಚ್ಚಿ ಬಂದು ಜಲಾಶಯದಲ್ಲಿ ಹೂಳಾಗಿ ಕೂತು, 133 ಟಿಎಂಸಿ ಹಿಡಿಯುತ್ತಿದ್ದದ್ದು ಸುಮಾರು 105ಕ್ಕೆ ಇಳಿದಿದೆ. ಬರಬೇಕಾದ ಮಣ್ಣು ಅಲ್ಲೇ, ಹೋಗಬೇಕಾದ ಉಪ್ಪು ಇಲ್ಲೇ.

ವಾಪಸ್ ಬಂದಾಗ ಸಂಜೆ. ಅಪ್ಪನಿಗೆ ಬಾಣದ ಗುರುತಿನ ಮಾತು ತೆಗೆಯಲಿಲ್ಲ. ಬೂದಿದಿಬ್ಬದ ಕಥೆ ಹೇಳಿದೆ. "ಅವ್ರೂ ನಮ್ಹಂಗ ಸುಟ್ಟಿದ್ರು ಅನ್ನು" ಅಂತ ನಕ್ಕರು. ಆಮೇಲೆ ಲೆಕ್ಕ ಹಾಕಲು ಕೂತೆವು. ಮೇಲಿನ ಗದ್ದೆಗೆ ಈ ಬೇಸಿಗೆಯಲ್ಲಿ ಕುರಿ ನಿಲ್ಲಿಸುವುದು; ಹಣ ನಾನು ಕಳಿಸುವುದು. ಮಳೆ ಬೀಳುವಾಗ ಡಯಾಂಚ ಬಿತ್ತಿ ಮಣ್ಣಿಗೆ ಮಗುಚುವುದು. ಹುಲ್ಲನ್ನು ಹೊರೆ ಕಟ್ಟುವ ಯಂತ್ರ ಬಾಡಿಗೆಗೆ ಸಿಕ್ಕರೆ ಅವ್ವನ ಅಣ್ಣನ ಎಮ್ಮೆಗಳಿಗೆ ಕೊಡುವುದು. ಬದಲಿಗೆ ಮಾವ ತಿಪ್ಪೆ ಗೊಬ್ಬರ ಕೊಡಬೇಕು, ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಇನ್ನೂ ಚೌಕಾಶಿಯಲ್ಲಿದೆ.

ಕೆಳಗಿನ ಎರಡು ಎಕರೆಗೆ ಇದ್ಯಾವುದೂ ಸಾಲದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಮಾಡಿ ತೋರಿಸಿದಂತೆ ನೆಲದೊಳಗೆ ತೂತಿನ ಪೈಪು ಹೂತು ಉಪ್ಪುನೀರನ್ನು ಹೊರಗೆ ಬಿಡಬೇಕು. ಆ ನೀರು ಹಳ್ಳ ಸೇರಬೇಕಾದರೆ ಮೂರು ಜನರ ಗದ್ದೆ ದಾಟಬೇಕು. ಇಬ್ಬರು ಒಪ್ಪಿದ್ದಾರೆ. ಮೂರನೆಯವರ ಹತ್ತಿರ ಅಪ್ಪ ಹತ್ತು ವರ್ಷದಿಂದ ಮಾತಾಡಿಲ್ಲ, ಬದುವಿನ ಜಗಳ. ಯುಗಾದಿಗೆ ನಾನೇ ಹೋಗಿ ಮಾತಾಡಿಸಬೇಕು ಅಂತಿದ್ದೀನಿ.