ಹೊಸ್ತಿಲ ಒಳಗೂ ಹೊರಗೂ: ಬಾಗಲಕೋಟೆ ಸೀಮೆಯಲ್ಲಿ ಮಕ್ಕಳ ರಕ್ಷಣೆ ನಡೆದ ಹಾದಿ

ಉಪನಯನ ಒಲ್ಲೆನೆಂದು ಬಾಗೇವಾಡಿಯ ಮನೆ ಬಿಟ್ಟ ಹುಡುಗ ಬಸವ ಕೂಡಲಸಂಗಮಕ್ಕೆ ಬಂದು ಗುರುವಿನ ಆಸರೆಯಲ್ಲಿ ಬೆಳೆದ ಎಂಬ ಕಥೆ ಹುನಗುಂದ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅಂಥ ಹುಡುಗ ಇವತ್ತು ಸಂಗಮದ ಬಸ್ ನಿಲ್ದಾಣದಲ್ಲಿ ಒಬ್ಬನೇ ಕೂತಿದ್ದರೆ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ. 24 ಗಂಟೆಯೊಳಗೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮೊದಲು ವಿಚಾರಿಸುವುದು, ಇವನನ್ನು ಮನೆಗೆ ಕಳಿಸಲಾದೀತೇ ಎಂದು. ಮನೆ ಬಿಟ್ಟದ್ದು ಮನೆಯ ಕಾರಣಕ್ಕೇ ಆಗಿದ್ದರೆ? ಈ ಭಾಗದ ಮಕ್ಕಳ ರಕ್ಷಣೆಯ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ಸುಳಿದಿದೆ. ಮಗುವಿಗೆ ಅಪಾಯ ಹೊರಗಿನಿಂದ ಬರುತ್ತದೆಂದು ನಂಬಿ ಕಾನೂನು ಕಟ್ಟಿದವರು, ಹೊಸ್ತಿಲ ಒಳಗೆ ನೋಡುವುದನ್ನು ಬಹಳ ತಡವಾಗಿ ಕಲಿತರು.

ಮೊದಲ ಆಸರೆ ಕೊಟ್ಟದ್ದು ಸರ್ಕಾರವಲ್ಲ. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿ ಹತ್ತಿರ, ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಕಟ್ಟಿದರು. ಅಲ್ಲಿ ವಟುಗಳಿಗೆ ಊಟ, ವಸತಿ, ಪಾಠ ಎಲ್ಲವೂ ಸಿಕ್ಕಿತು. ಮಠಗಳ ಉಚಿತ ಪ್ರಸಾದ ನಿಲಯಗಳಿಲ್ಲದಿದ್ದರೆ ಈ ಕಡೆಯ ಎಷ್ಟೋ ಬಡ ಹುಡುಗರು ಓದು ಮುಗಿಸುತ್ತಿರಲಿಲ್ಲ. ಆದರೆ ಅವು ಹುಡುಗರ ನಿಲಯಗಳು, ಎಲ್ಲ ಜಾತಿಯ ಹುಡುಗರಿಗೂ ಒಂದೇ ಸಮ ತೆರೆದವುಗಳೂ ಅಲ್ಲ. ಹುಡುಗಿಯರ ಮಾತಂತೂ ಬಹಳ ಕಾಲ ಬರಲೇ ಇಲ್ಲ.

ಅದೇ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಬೇರೆಯದೇ ಬಗೆಯ ಕಾಳಜಿ ತೋರಿಸಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಮೂರೂ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದವು. ಬಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ‘ಅಪರಾಧಿ ಬುಡಕಟ್ಟು’ಗಳೆಂದು ಹಣೆಪಟ್ಟಿ ಹಚ್ಚಿಸಿಕೊಂಡವರ ಸೆಟ್ಲಮೆಂಟುಗಳು ಎದ್ದವು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾ ವಸಾಹತಿನಲ್ಲಿ ಇಡಲು 1911ರ ಕಾಯ್ದೆ ಅವಕಾಶ ಕೊಟ್ಟಿತ್ತು. ಮಗುವನ್ನು ಮನೆಯಿಂದ ಕಿತ್ತು ತರುವುದನ್ನೇ ರಕ್ಷಣೆ ಎಂದು ಕರೆದದ್ದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ಈ ನೆಲದಲ್ಲಿ ನನಗೆ ಕಾಣುವುದಿಲ್ಲ. 1924ರ ಮುಂಬೈ ಮಕ್ಕಳ ಕಾಯ್ದೆ ತಂದ ‘ರಿಮಾಂಡ್ ಹೋಮ್’ ಎಂಬ ಹೆಸರಿಗೆ ಈಗಲೂ ಜನ ಬೆಚ್ಚುತ್ತಾರೆ. ಬೋರ್ಡಿನ ಮೇಲೆ ‘ಬಾಲಮಂದಿರ’ ಎಂದು ಬಂದು ಎಷ್ಟೋ ವರ್ಷವಾದರೂ ಹಟ ಮಾಡುವ ಮಗುವನ್ನು ರಿಮಾಂಡ್ ಹೋಮಿನ ಹೆಸರು ಹೇಳಿ ಹೆದರಿಸುವವರು ಇದ್ದಾರೆ.

ಮನೆಯೊಳಗೆ ಕಾನೂನು ಮೊದಲು ಇಣುಕಿದ್ದು ಮದುವೆಯ ನೆಪದಲ್ಲಿ. 1929ರ ಶಾರದಾ ಕಾಯ್ದೆ ಹುಡುಗಿಯ ವಯಸ್ಸನ್ನು 14 ಎಂದಿತು. 1949ರಲ್ಲಿ ಅದು 15 ಆಯಿತು, 1978ರಲ್ಲಿ 18. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಈ ಸೀಮೆಯಲ್ಲಿ ಮದುವೆ ಅನೇಕ ಸಲ ಕೂಸು ತೊಟ್ಟಿಲಲ್ಲಿದ್ದಾಗಲೇ ಮಾತಾಗಿಬಿಟ್ಟಿರುತ್ತಿತ್ತು. ಅಂಥ ಮಾತಿನ ಮುಂದೆ ಕಾಯ್ದೆಯ ಅಂಕಿ ಏನು ಮಾಡೀತು?

ಇನ್ನೊಂದು ಪಿಡುಗು ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಬಿಡುವುದು. ಮುಂಬೈ ಪ್ರಾಂತ 1934ರಲ್ಲೇ ಅದನ್ನು ಕಾನೂನುಬಾಹಿರ ಎಂದಿತ್ತು. ಕರ್ನಾಟಕ 1982ರಲ್ಲಿ ಹೊಸ ಕಾಯ್ದೆ ಮಾಡಿತು. ಮಗಳನ್ನು ಹೆತ್ತವರೋ ಸಂಬಂಧಿಕರೋ ದೇವರಿಗೆ ಬಿಟ್ಟರೆ ಶಿಕ್ಷೆ ಇನ್ನೂ ಕಠಿಣ ಎಂದು ಅದರಲ್ಲಿ ಬರೆಯಿತು. ಬಹಿರಂಗದ ಆಚರಣೆ ಕಡಿಮೆಯಾಯಿತು, ಆದರೆ ಗುಟ್ಟಿನಲ್ಲಿ ಉಳಿಯಿತು. ಸರ್ಕಾರದ ಎರಡು ಸಮೀಕ್ಷೆಗಳು, 1993-94ರದ್ದು ಮತ್ತು 2007-08ರದ್ದು, ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಬಾಗಲಕೋಟೆ ಆ ಪಟ್ಟಿಯ ಜಿಲ್ಲೆಗಳಲ್ಲೊಂದು. ಪಟ್ಟಿ ಮಾಡಿದವರು ತಾಯಂದಿರನ್ನು ಎಣಿಸಿದರು, ಅವರ ಮಕ್ಕಳನ್ನು ಎಣಿಸುವುದು ಯಾರಿಗೂ ತುರ್ತೆನಿಸಲಿಲ್ಲ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ನಿಲ್ಲುವ ಮಗುವಿನ ಸಂಕಟವನ್ನು ಶಾಸಕರು ಕಿವಿಗೆ ಹಾಕಿಕೊಳ್ಳಲು 2025ರ ಹೊಸ ದೇವದಾಸಿ ಮಸೂದೆಯವರೆಗೆ ಕಾಯಬೇಕಾಯಿತು.

ಇಳಕಲ್ ಮತ್ತು ಗುಳೇದಗುಡ್ಡದ ವಿಷಯ ಇನ್ನೂ ಸೂಕ್ಷ್ಮ. ಸೀರೆಯೂ ಖಣವೂ ನೇಯುವುದು ಮನೆಯಲ್ಲಿ. ಮಗ್ಗಕ್ಕೆ ಕೂತವನು ಅಪ್ಪನಾದರೆ, ಕಂಡಿಕೆ ಸುತ್ತುವವರು ಹೆಂಗಸರು, ಮಕ್ಕಳು, ಮುದುಕರು. ಕೂಲಿ ಬರುವುದು ಸೀರೆಯ ಲೆಕ್ಕದಲ್ಲಿ, ಕೈಗಳ ಲೆಕ್ಕದಲ್ಲಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ನೇಯ್ಗೆ, ಬಣ್ಣಗಾರಿಕೆಗಳನ್ನು ನಿಷೇಧಿತ ಕೆಲಸಗಳ ಪಟ್ಟಿಗೆ ಸೇರಿಸಿತು. ಕೂಡಲೇ, ಕುಟುಂಬದವರೇ ನಡೆಸುವ ಕಸುಬಿಗೆ ಅದು ಅನ್ವಯಿಸದು ಎಂದೂ ಹೇಳಿತು. 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿದರೂ, ಶಾಲೆಯ ಸಮಯ ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಬಹುದು ಎಂದಿತು. ಕಸುಬು ಕಲಿಯದ ಮಕ್ಕಳಿಂದ ಕೈಮಗ್ಗ ಉಳಿಯದು ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಕಲಿಕೆ ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಯಿತೆಂದು ನೋಡಲು ಯಾವ ಇನ್‌ಸ್ಪೆಕ್ಟರೂ ಸಂಜೆ ಏಳಕ್ಕೆ ನೇಕಾರನ ಬಾಗಿಲು ಬಡಿಯುವುದಿಲ್ಲ.

1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯಾಯಿತು. 2002ರಲ್ಲಿ ಶಾಲೆಯ ಬಿಸಿಯೂಟದ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಇದೂ ಒಂದು. ಮಕ್ಕಳನ್ನು ಹೊಲದಿಂದ ಶಾಲೆಗೆ ತರುವಲ್ಲಿ ಬಿಸಿಯೂಟದಷ್ಟು ಕೆಲಸ ಮಾಡಿದ ಕಾಯ್ದೆ ಇಲ್ಲವೆಂದೇ ನನ್ನ ಎಣಿಕೆ. 2006ರ ಭಾಗ್ಯಲಕ್ಷ್ಮಿ ಯೋಜನೆ ಹೆಣ್ಣುಮಗುವಿನ ಹೆಸರಲ್ಲಿ ಬಾಂಡ್ ಇಟ್ಟು, ಅವಳು ಓದಬೇಕು, ದುಡಿಯಬಾರದು, 18ರೊಳಗೆ ಮದುವೆಯಾಗಬಾರದು ಎಂಬ ಷರತ್ತು ಹಾಕಿತು. 2010ರಿಂದ ಶಿಕ್ಷಣ ಹಕ್ಕು ಕಾಯ್ದೆ ಬಂತು, ಆದರೆ 14ಕ್ಕೆ ನಿಂತಿತು. ಎಂಟನೇ ತರಗತಿಯ ಓದು ಹಕ್ಕು. ಒಂಬತ್ತನೆಯದು ಮನೆಯವರ ಮರ್ಜಿ. ಹುಡುಗಿ ದೊಡ್ಡವಳಾಗುವುದು, ಹೈಸ್ಕೂಲು ಪಕ್ಕದೂರಲ್ಲಿರುವುದು, ಗಂಡು ನೋಡಲು ಬರುವುದು, ಎಲ್ಲವೂ ಆ 14ರಿಂದ 18ರ ನಾಲ್ಕು ವರ್ಷಗಳಲ್ಲೇ.

ಈ ನಾಲ್ಕು ವರ್ಷಗಳನ್ನೇ ಗುರಿಯಾಗಿಸಿಕೊಂಡು ನಮ್ಮಲ್ಲಿ ನಡೆದದ್ದು ‘ಸಮತಾ’ ಎಂಬ ಪ್ರಯೋಗ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಲಂಡನ್ನಿನ ಸಂಶೋಧಕರೊಂದಿಗೆ ಸೇರಿ ಬಾಗಲಕೋಟೆ, ವಿಜಯಪುರ (ಹಿಂದಿನ ಬಿಜಾಪುರ) ಜಿಲ್ಲೆಗಳ 80 ಹಳ್ಳಿ ಗುಂಪುಗಳನ್ನು ಆರಿಸಿತು. ಚೀಟಿ ಎತ್ತಿದಂತೆ ಅರ್ಧ ಕಡೆ ಕಾರ್ಯಕ್ರಮ ನಡೆಸಿ, ಅರ್ಧ ಕಡೆ ಸುಮ್ಮನೆ ಗಮನಿಸಿತು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಹೈಸ್ಕೂಲು ಬಿಡದಂತೆ ಅವರೊಂದಿಗೆ, ಮನೆಯವರೊಂದಿಗೆ, ಊರ ಹುಡುಗರೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿತು. ಫಲಿತಾಂಶ ಯಾರೂ ಮೆರವಣಿಗೆ ತೆಗೆಯುವಂಥದ್ದಲ್ಲ: ಒಟ್ಟಾರೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಿಜಯಪುರದಲ್ಲಿ ಹುಡುಗಿಯರ ಓದು ಸುಧಾರಿಸಿತು, ಬಾಗಲಕೋಟೆಯಲ್ಲಿ ಇಲ್ಲ. ಕಾರ್ಯಕ್ರಮ ಇಲ್ಲದ ಹಳ್ಳಿಗಳಲ್ಲೂ ಹುಡುಗಿಯರು ಅಂದಾಜಿಗಿಂತ ಹೆಚ್ಚು ಶಾಲೆಯಲ್ಲಿ ಉಳಿದಿದ್ದರು ಎಂಬುದು ಒಂದು ಕಾರಣ. ಸೋಲನ್ನು ಮುಚ್ಚಿಡದೆ ಅಚ್ಚು ಮಾಡಿದ್ದಕ್ಕೆ ಆ ತಂಡವನ್ನು ಮೆಚ್ಚಬೇಕು. ಸಾಧನಾ ಸಮಾವೇಶಗಳ ವರದಿಗಳಲ್ಲಿ ಇಂಥ ಪುಟ ಸಿಗುವುದಿಲ್ಲ.

ಕಾನೂನು ಮಾತ್ರ ಬಿಗಿಯಾಗುತ್ತ ಹೋಯಿತು. 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧ ಪೋಕ್ಸೊ ಕಾಯ್ದೆ ಬಂತು, 2015ರಲ್ಲಿ ಹೊಸ ಬಾಲ ನ್ಯಾಯ ಕಾಯ್ದೆ. ಬಾಲ್ಯವಿವಾಹ ತಡೆ ಕುರಿತ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ 2011ರ ವರದಿಯ ನಂತರ ಕರ್ನಾಟಕ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ ತನ್ನ ತಿದ್ದುಪಡಿಯಲ್ಲಿ ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎಂದು ಸಾರಿತು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ರಾಜ್ಯದಲ್ಲಿ 18ರೊಳಗೆ ಮದುವೆಯಾದ ಯುವತಿಯರ ಪಾಲು 2015-16ರಲ್ಲಿ ಶೇ. 21.4, 2019-21ರಲ್ಲಿ ಶೇ. 21.3. ಕಾವಲಿಗೆ ಇಟ್ಟವರಾರು? ಪಿಡಿಒ, ಮುಖ್ಯ ಶಿಕ್ಷಕ, ಗ್ರಾಮ ಆಡಳಿತಾಧಿಕಾರಿ. ಅವರಿಗೆ ಸುದ್ದಿ ಮುಟ್ಟಿಸಬೇಕಾದವಳು ಅಂಗನವಾಡಿ ಅಕ್ಕ. ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತದೆ, ಅವಳಿಗೆ ಆಗುವುದಿಲ್ಲ. ಹಂದರ ತೆಗೆಸಿದ ಮನೆಯವರ ಎದುರೇ ಅವಳು ಮರುದಿನ ನೀರಿಗೆ ಹೋಗಬೇಕು.

ಕಾನೂನು ಹೊಗದ ಬಾಗಿಲೊಳಗೆ ಇಳಕಲ್ಲಿನ ಮಠವೊಂದು ಹೊಕ್ಕ ಕಥೆ ಇಲ್ಲಿ ಹೇಳಲೇಬೇಕು. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಬೇಡಿದ್ದು ಕಾಳು-ಕಡಿ ಅಲ್ಲ, ಕುಡಿತ, ತಂಬಾಕು, ಗುಟ್ಕಾದ ಚಟ. ಬಿಟ್ಟವರು ಅದನ್ನು ‘ಮಹಾಂತ ಜೋಳಿಗೆ’ಗೆ ಹಾಕಬೇಕು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಇದನ್ನು ಮಕ್ಕಳ ರಕ್ಷಣೆಯ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಹಿಡಿಯಬೇಕು ಎನ್ನುತ್ತೇನೆ ನಾನು. ಅಪ್ಪನ ಕುಡಿತ ನಿಂತ ಮನೆಯಲ್ಲಿ ಮಗನ ಶಾಲೆ, ಮಗಳ ಮದುವೆಯ ವಯಸ್ಸು ಎರಡೂ ಬದಲಾಗುತ್ತವೆ. ಚಟಕ್ಕೆ ಬೀಳುವ ಹದಿಹರೆಯದ ಹುಡುಗರನ್ನು ಕೂರಿಸಿಕೊಂಡು ಮಾತಾಡುವವರು ನಮ್ಮಲ್ಲಿ ಮೊದಲೇ ಕಡಿಮೆ. ಕಾಯ್ದೆಗೆ ಆ ಹುಡುಗರು ಕಾಣುವುದು ಸಿಕ್ಕಿಬಿದ್ದಾಗ ಮಾತ್ರ.

ಈಚೆಗೆ ಮಕ್ಕಳ ರಕ್ಷಣೆಯ ಕೆಲಸ ಊರೊಳಕ್ಕೆ ಬಂದಿದೆ. ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಕೂಸುಗಳಿಗೆಂದು 2023ರಲ್ಲಿ ‘ಕೂಸಿನ ಮನೆ’ ಘೋಷಣೆಯಾಯಿತು. ಇವೆಲ್ಲ ಊರಲ್ಲಿ ನಿಂತವರಿಗೆ. ಬಾದಾಮಿ, ಹುನಗುಂದ ಭಾಗದಿಂದ ಮಂಗಳೂರಿಗೆ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರ ಮಕ್ಕಳು ಅರ್ಧ ವರ್ಷ ಊರಿನ ಹಾಜರಿಯಲ್ಲಿರುತ್ತಾರೆ, ಶೆಡ್ಡಿನಲ್ಲಿ ಬದುಕುತ್ತಾರೆ. ಇಲ್ಲಿಯ ಅಂಗನವಾಡಿಯ ವಹಿಗೆ ಅವರು ‘ಊರಲ್ಲಿಲ್ಲ’, ಅಲ್ಲಿಯ ವಹಿಗೆ ‘ನಮ್ಮವರಲ್ಲ’. ಗೋವಾದ ಗಡಿ ದಾಟಿದರೆ ಶಾಲೆಯ ಭಾಷೆಯೂ ಬೇರೆ, ಮಕ್ಕಳ ಕಲ್ಯಾಣ ಸಮಿತಿಯೂ ಬೇರೆ. ಅಜ್ಜಿಯ ಹತ್ತಿರ ಊರಲ್ಲೇ ಬಿಟ್ಟು ಹೋದ ಹುಡುಗಿಯಾದರೆ, ಅವಳ ಕಾವಲಿನ ಚಿಂತೆಯೇ ಬೇಗ ಮದುವೆ ಮಾಡಲು ಕಾರಣವಾಗುತ್ತದೆ. ಜಿಲ್ಲೆಗೊಂದರಂತೆ ಕಟ್ಟಿದ ಸಮಿತಿಗಳು ಜಿಲ್ಲೆಯಿಂದ ಜಿಲ್ಲೆಗೆ ಓಡಾಡುವ ಈ ಮಕ್ಕಳ ಹೆಸರನ್ನು ಒಬ್ಬರಿಗೊಬ್ಬರು ದಾಟಿಸುವ ಪದ್ಧತಿ ಇನ್ನೂ ಗಟ್ಟಿಯಾಗಬೇಕಿದೆ.