ಕೋಲು ಊರಲು ಒಂದು ತುಂಡು ನೆಲ

ಇಂಗ್ಲೆಂಡಿನ ‘ಅಲಾಟ್‌ಮೆಂಟ್’ ಎಂಬ ಬಾಡಿಗೆ ಕೈತೋಟಗಳಲ್ಲಿ ಎರಡು ಸಾಲಾಗಿ ಊರಿದ ಉದ್ದನೆಯ ಕೋಲುಗಳನ್ನು ತುದಿಯಲ್ಲಿ ಕತ್ತರಿಯಾಕಾರವಾಗಿ ಕೂಡಿಸಿ, ಮೇಲೊಂದು ಅಡ್ಡಕೋಲು ಬಿಗಿಯುತ್ತಾರೆ. ಹಿಮದ ಭಯ ಕಳೆದ ಮೇಲೆ ಬುಡದಲ್ಲಿ ಬಿತ್ತಿದ ರನ್ನರ್ ಬೀನ್ಸ್ ಕೋಲನ್ನು ಸುತ್ತುತ್ತ ಆಳೆತ್ತರ ಮೀರಿ ಏರುತ್ತದೆ. ಮೆಕ್ಸಿಕೋದ ಬೆಟ್ಟಗಳ ಕಡೆಯಿಂದ ಬಂದ ಈ ಬಳ್ಳಿಯನ್ನು ಆಂಗ್ಲರು ಮೊದಲು ಬೆಳೆಸಿದ್ದು ಕೆಂಪು ಹೂವಿಗಾಗಿ. ಕಾಯಿ ಅಡುಗೆಮನೆ ಸೇರಿದ್ದು ಆಮೇಲೆ.

ಈ ತೋಟಗಳ ಹಿಂದೆ ನೆಲ ಕಳೆದುಕೊಂಡವರ ಚರಿತ್ರೆಯಿದೆ. 1604ರಿಂದ 1914ರವರೆಗೆ ಐದು ಸಾವಿರಕ್ಕೂ ಹೆಚ್ಚು ಕಾಯಿದೆಗಳು ಊರೊಟ್ಟಿನ ಹೊಲ, ಗೋಮಾಳಗಳಿಗೆ ಬೇಲಿ ಹಾಕಿದವು. ಕೂಲಿಕಾರನಿಗೆ ಹಸು ಮೇಯಿಸಲೂ ಎಡೆಯಿಲ್ಲವಾಯಿತು. ಆ ನಷ್ಟಕ್ಕೆ ಅಲ್ಪ ಪರಿಹಾರವಾಗಿ ಬೆಳೆದದ್ದು ಅಲಾಟ್‌ಮೆಂಟ್. ಬೇಡಿಕೆಯಿದ್ದಲ್ಲಿ ಅದನ್ನು ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು 1908ರ ಕಾಯಿದೆ ವಿಧಿಸಿತು. ವಾಡಿಕೆಯ ಅಳತೆ ಸುಮಾರು 250 ಚದರ ಮೀಟರು. ಅಷ್ಟರಲ್ಲೇ ಮನೆಗೆ ಬೇಕಾದ ತರಕಾರಿ ಬೆಳೆಯಬೇಕು. ಅಗಲಕ್ಕೆ ಹಬ್ಬದೆ ಎತ್ತರಕ್ಕೆ ಏರುವ ಬಳ್ಳಿ ಅಲ್ಲಿಗೆ ಒದಗಿಬಂತು. ಎರಡನೆಯ ಮಹಾಯುದ್ಧದಲ್ಲಿ ಸರಕಾರವೇ ನೆಲ ಅಗೆಯಲು ಕರೆಕೊಟ್ಟಾಗ ಇಂಥ ತುಂಡುಗಳು ಸುಮಾರು 14 ಲಕ್ಷಕ್ಕೇರಿದವು.

ಹೊರನಾಡಿನ ನಾವು ಬಾಲ್ಕನಿಯ ಕಂಬಿಗೆ ದಾರ ಕಟ್ಟಿ ಅವರೆಬಳ್ಳಿ ಹಬ್ಬಿಸುತ್ತೇವೆ. ನಮ್ಮ ನಗರಗಳಲ್ಲಿ ಉದ್ಯಾನಗಳುಂಟು; ಬಾಡಿಗೆಗೆ ತರಕಾರಿ ಮಡಿ ಸಿಗುವುದು ವಿರಳ. ಬಳ್ಳಿಗೆ ಕೋಲು ಯಾರಾದರೂ ತಂದಾರು. ಕೋಲು ಊರುವ ನೆಲವನ್ನು ಇಂಗ್ಲೆಂಡಿನ ಬಡವರು ಕಾನೂನಿನಿಂದಲೇ ಪಡೆಯಬೇಕಾಯಿತು.