ಮಾಡಿದ್ದೆಲ್ಲ ಮಾರಾಟವಾಗುತ್ತಿದ್ದ ಕಾಲ

ಹೊಸಕೋಟೆಯ ಮದುವೆಮನೆಯಾಗಲಿ, ಹುಬ್ಬಳ್ಳಿಯದಾಗಲಿ, ಅಳಿಯನ ಕೈಗೆ ಎಚ್‌ಎಂಟಿ ಗಡಿಯಾರ ಕಟ್ಟಲು ಒಂದು ಕಾಲಕ್ಕೆ ದುಡ್ಡಿದ್ದರೆ ಸಾಲದು, ಕಾಯಬೇಕಿತ್ತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ತಯಾರಿಕೆಗೆ ಹೇಳಿಕೊಳ್ಳುವಂಥ ಪೈಪೋಟಿ ಇರಲಿಲ್ಲ. ಆಮದಿಗೆ ನಿರ್ಬಂಧವಿತ್ತು (ಕಳ್ಳಸಾಗಣೆಯ ಮಾಲಿನ ಮಾತು ಬೇರೆ). ಮಾಡಿದ್ದೆಲ್ಲ ಮಾರಾಟವಾಗುವಾಗ ದಾಸ್ತಾನಿನ ಚಿಂತೆ ಯಾರಿಗೆ? ಹೊಸ ಮಾದರಿಯ ಅವಸರವಾದರೂ ಏಕೆ? ಇದ್ದ ಚಿಂತೆ ಉತ್ಪಾದನಾ ಸಾಮರ್ಥ್ಯದ್ದೇ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು.

ಕೀಲಿ ಕೊಡುವ ಗಡಿಯಾರದೊಳಗೆ ಹಲ್ಲುಚಕ್ರಗಳು, ಕೂದಲೆಳೆಯಂಥ ಸ್ಪ್ರಿಂಗು, ಪುಟ್ಟ ಹರಳುಗಳು. ಅವನ್ನೆಲ್ಲ ಕೊರೆದು ಜೋಡಿಸಲು ಬಗೆಬಗೆಯ ಯಂತ್ರ, ಪಳಗಿದ ಕೈ. ಇಂಥ ಸಾಮರ್ಥ್ಯ ಕಟ್ಟಲು ವರ್ಷಗಳು ಬೇಕು. ಬೇಡವೆಂದಾಗ ಕಳಚಿಡಲು ಬರುವುದಿಲ್ಲ. ಅತ್ತ ಜಪಾನಿನ ಸೈಕೋ 1969ರಲ್ಲೇ ಕ್ವಾರ್ಟ್ಸ್ ಕೈಗಡಿಯಾರ ಹೊರತಂದಿತ್ತು: ಬ್ಯಾಟರಿ, ಸ್ಫಟಿಕ, ಚಿಕ್ಕ ಮೋಟಾರು. ಎಚ್‌ಎಂಟಿಗೆ ಇದು ತಿಳಿಯದ್ದೇನಲ್ಲ. 1980ರ ದಶಕದ ಆರಂಭದಲ್ಲಿ ತಾನೂ ಕ್ವಾರ್ಟ್ಸ್ ತಯಾರಿಸಿತು. ಆದರೆ ಕೀಲಿಯದಕ್ಕೆ ಗಿರಾಕಿ ಇದ್ದೇ ಇದ್ದ. ಓಡುವ ಯಂತ್ರ ನಿಲ್ಲಿಸುವ ಧೈರ್ಯ ಯಾರಿಗಿರುತ್ತದೆ?

1987ರ ಹೊತ್ತಿಗೆ ಹೊಸೂರಿನ ಟೈಟನ್, ಕ್ವಾರ್ಟ್ಸನ್ನೇ ನೆಚ್ಚಿ ಬಗೆಬಗೆಯ ವಿನ್ಯಾಸಗಳೊಂದಿಗೆ ಅಂಗಡಿಗೆ ಬಂದಿತು. ಹಳೆಯ ಯಂತ್ರಗಳ ಹೊರೆ ಅದಕ್ಕಿರಲಿಲ್ಲ. ಎಚ್‌ಎಂಟಿಯದು ಹಿಂದೆಂದೋ ಕೊರತೆ ನೀಗಿಸಲು ಕಟ್ಟಿದ ಸಾಮರ್ಥ್ಯ. ಈಗ ಅದೇ ಭಾರವಾಯಿತು.

ಮುಚ್ಚುವ ಸುದ್ದಿ 2014ರಲ್ಲಿ ಹಬ್ಬಿದಾಗ ಉಳಿದ ದಾಸ್ತಾನಿಗಾಗಿ ಬೆಂಗಳೂರಿನ ಮಳಿಗೆಗೆ ಜನ ಮುಗಿಬಿದ್ದರು; ಕೇಳಿದ್ದು ಅದೇ ಹಳೆಯ ಕೀಲಿ ಗಡಿಯಾರವನ್ನು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ನೀಡಿತು.